ಮಗಳು ಹಾಸ್ಟೆಲ್‌ಗೆ ಹೊರಟಾಗ: ಮೊದಲು ನಂಬರು, ಆಮೇಲೆ ಲ್ಯಾಪ್‌ಟಾಪ್



ಮೊದಲೆಲ್ಲ ನಮ್ಮ ಸಂಘಗಳಿಗೆ ಸಾಲದ ಅರ್ಜಿ ಬಂದರೆ ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮನೆ ರಿಪೇರಿಗೆ ಎಂದು ಬರುತ್ತಿತ್ತು. ಈಗ ಕಾಲೇಜು ಸೇರುವ ಕಾಲ ಬಂತೆಂದರೆ "ಮಗಳಿಗೆ ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿದೆ, ಲ್ಯಾಪ್‌ಟಾಪ್ ತೆಗೀಬೇಕು" ಎಂಬ ಅರ್ಜಿಗಳೂ ಬರುತ್ತವೆ. ಇದು ಸಂತೋಷದ ವಿಷಯ. ಮೈಸೂರಿನ ಮಾನಸಗಂಗೋತ್ರಿ, ಕೊಣಾಜೆಯ ಮಂಗಳಗಂಗೋತ್ರಿ, ಧಾರವಾಡ, ಕಲಬುರಗಿ, ಶಂಕರಘಟ್ಟ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಹೀಗೆ ದೂರದೂರದ ಊರುಗಳಿಗೆ ನಮ್ಮ ಸಂಘದ ಮನೆಗಳ ಹೆಣ್ಣುಮಕ್ಕಳು ಓದಲು ಹೋಗುತ್ತಿದ್ದಾರೆ.

ಆದರೆ ಒಂದು ಮಾತನ್ನು ನಾವು ಮತ್ತೆ ಮತ್ತೆ ಹೇಳಬೇಕಾಗಿದೆ. ಹಾಸ್ಟೆಲ್ ಸೇರಿದ ಮಕ್ಕಳು ತೊಂದರೆಗೆ ಸಿಕ್ಕಿಕೊಳ್ಳುವುದು ಲ್ಯಾಪ್‌ಟಾಪ್ ಇಲ್ಲದ್ದಕ್ಕೆ ಅಲ್ಲ. ಒಟಿಪಿ ಅಪ್ಪನ ಫೋನಿಗೆ ಬರುತ್ತದೆ, ಅಪ್ಪ ಗದ್ದೆಯಲ್ಲಿರುತ್ತಾರೆ, ಇಲ್ಲಿ ಪರೀಕ್ಷೆ ಅರ್ಜಿಯ ಕೊನೆಯ ದಿನ ಮುಗಿದುಹೋಗುತ್ತದೆ. ಇ-ಮೇಲ್ ಪಾಸ್‌ವರ್ಡ್ ಸೈಬರ್ ಸೆಂಟರಿನವರಿಗೆ ಮಾತ್ರ ಗೊತ್ತಿರುತ್ತದೆ. ವಿದ್ಯಾರ್ಥಿವೇತನ ಯಾವ ಖಾತೆಗೆ ಬಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಇವನ್ನು ಸರಿಮಾಡಲು ಸಾವಿರಾರು ರೂಪಾಯಿ ಬೇಕಿಲ್ಲ; ಹೊರಡುವ ಮೊದಲು ಎರಡು ಮೂರು ವಾರದ ಓಡಾಟ ಸಾಕು. ಈ ಬಾರಿ ಅದನ್ನೇ ಒಂದೊಂದಾಗಿ ತಿಳಿಯೋಣ. ಮಗಳೆಂದು ಬರೆದಿದ್ದೇವೆ, ಮಗನಿಗೂ ಇದೇ ಅನ್ವಯಿಸುತ್ತದೆ.

1. ಮೊಬೈಲ್ ನಂಬರು ಅವಳದೇ ಆಗಿರಲಿ

ಇಂದು ಪ್ರವೇಶ, ಹಾಸ್ಟೆಲ್ ಅರ್ಜಿ, ಶುಲ್ಕ, ಪರೀಕ್ಷೆ, ಫಲಿತಾಂಶ, ಎಲ್ಲವೂ ಆನ್‌ಲೈನ್. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021ರಿಂದ ಯುಯುಸಿಎಂಎಸ್ ಎಂಬ ಜಾಲತಾಣ ಬಂದಿದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ರಾಜ್ಯ ಸರಕಾರದ ಜಾಲತಾಣವಿದೆ. ಇವುಗಳಿಗೆಲ್ಲ ಒಂದು ಮೊಬೈಲ್ ನಂಬರ್ ಕೊಟ್ಟಿರುತ್ತೇವೆ. ಆ ನಂಬರಿಗೆ ಬರುವ ಒಟಿಪಿಯೇ ಬೀಗದ ಕೈ. ಬೀಗದ ಕೈ ಮನೆಯಲ್ಲಿ, ಬೀಗ ಹಾಸ್ಟೆಲ್‌ನಲ್ಲಿ ಇದ್ದರೆ ಏನು ಪ್ರಯೋಜನ?

18 ವರ್ಷ ತುಂಬದವರ ಹೆಸರಿನಲ್ಲಿ ಸಿಮ್ ಕೊಡುವುದಿಲ್ಲ. ಆದುದರಿಂದ ಮೊದಲಿಗೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ತೆಗೆದು ಮಗಳ ಕೈಗೆ ಕೊಡಬಹುದು. 18 ಆದ ಮೇಲೆ ಅವಳ ಹೆಸರಿಗೆ ಬದಲಿಸಿಕೊಳ್ಳಿ. ಯಾವುದೋ ಅಂಗಡಿಯವರ, ಪರಿಚಯದವರ ಹೆಸರಿನಲ್ಲಿರುವ ಸಿಮ್ ಮಾತ್ರ ಬೇಡ. ಸಿಮ್ ಕಳೆದರೆ ಅದೇ ನಂಬರನ್ನು ಮತ್ತೆ ಪಡೆಯುವ ಹಕ್ಕು ಹೆಸರಿದ್ದವರಿಗೆ ಮಾತ್ರ ಇರುತ್ತದೆ.

ಹಾಸ್ಟೆಲ್ ಊರಿಗೆ ಹೋದ ಮೇಲೆ "ಇಲ್ಲಿ ಆ ಕಂಪನಿ ಸಿಗ್ನಲ್ ಬರಲ್ಲ" ಎಂದು ಹೊಸ ಸಿಮ್ ತೆಗೆದು ಹಳೆಯದನ್ನು ಬಿಸಾಡುವ ಮಕ್ಕಳಿದ್ದಾರೆ. ಇದು ದೊಡ್ಡ ತಪ್ಪು. ಮೂರು ತಿಂಗಳು ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ನಂಬರು ರದ್ದಾಗಬಹುದು. ಮುಂದೆ ಅದೇ ನಂಬರು ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಮಗಳ ಬ್ಯಾಂಕಿನ ಒಟಿಪಿ ಯಾರದೋ ಫೋನಿನಲ್ಲಿ ಬರುತ್ತದೆ. ಸಿಗ್ನಲ್ ಇಲ್ಲದಿದ್ದರೆ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಅದಕ್ಕೆ ಪೋರ್ಟ್ ಮಾಡಿಸುವುದು ಎನ್ನುತ್ತಾರೆ.

ಇನ್ನೊಂದು ವಿಷಯ. "ಹುಡುಗಿ ಕೈಗೆ ಫೋನ್ ಕೊಟ್ರೆ ಕೆಟ್ಟು ಹೋಗ್ತಾಳೆ" ಎಂದು ಮನೆಯ ಗಂಡಸರು ಹೇಳುವುದನ್ನು ನಾವು ಸಂಘಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಸಹೋದರಿಯರೇ, ಅಣ್ಣನ ಫೋನಿನಲ್ಲಿ ಒಟಿಪಿ ಕೇಳಿ ಕೇಳಿ ಓದಬೇಕಾದ ಹುಡುಗಿ ಪ್ರತಿಯೊಂದಕ್ಕೂ ಅವನ ಕೈ ಕಾಯಬೇಕಾಗುತ್ತದೆ. ಒಂದು ದಿನ ಅವನು ಫೋನ್ ಎತ್ತದಿದ್ದರೆ ಅವಳ ಒಂದು ವರ್ಷವೇ ಹೋಗಬಹುದು. ಮನೆಯಲ್ಲಿ ಕುಳಿತು ಈ ಮಾತನ್ನು ನೀವೇ ತೆಗೆಯಬೇಕು. ತಾಯಿ ಹೇಳಿದರೆ ಅದಕ್ಕೆ ತೂಕ ಇದೆ.

2. ಆಧಾರ್ ಮತ್ತು ಬ್ಯಾಂಕ್ ಖಾತೆ

ಹೊಸ ನಂಬರು ಬಂದ ಕೂಡಲೇ ಅದನ್ನು ಆಧಾರ್‌ಗೆ ಸೇರಿಸಿ. ಇದನ್ನು ಆಧಾರ್ ಕೇಂದ್ರದಲ್ಲಿ ಮಾಡಿಸಬಹುದು. ಕೆಲವು ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲೂ ಆಧಾರ್ ಕೇಂದ್ರ ಇರುತ್ತದೆ. ಜೊತೆಗೆ 15 ವಯಸ್ಸು ದಾಟಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಬೇಕೆಂಬ ನಿಯಮ ಇದೆ. ಎಷ್ಟೋ ಮನೆಗಳಲ್ಲಿ ಇದು ಮರೆತೇ ಹೋಗಿರುತ್ತದೆ. ಆಧಾರ್‌ನಲ್ಲಿರುವ ಹೆಸರು ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಒಂದೇ ಇದೆಯೇ ಎಂದೂ ನೋಡಿ. ಇನಿಷಿಯಲ್ ಮುಂದೆ-ಹಿಂದೆ ಆದರೂ ಅರ್ಜಿ ನಿಂತುಬಿಡುತ್ತದೆ. ಇದನ್ನು ಊರಿನಲ್ಲಿರುವಾಗಲೇ ತಿದ್ದಿಸುವುದು ಸುಲಭ.

ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬರಿಗೆ ಎಷ್ಟೇ ಖಾತೆ ಇರಲಿ, ಸರಕಾರದ ಹಣ ಬರಲು ಒಂದು ಸಮಯದಲ್ಲಿ ಒಂದೇ ಖಾತೆ ಜೋಡಣೆಯಾಗಿರುತ್ತದೆ. ಮಗಳು ಹಾಸ್ಟೆಲ್ ಊರಿನಲ್ಲಿ ಹೊಸ ಖಾತೆ ತೆರೆದು ಅಲ್ಲಿ ಜೋಡಣೆಗೆ ಒಪ್ಪಿಗೆ ಕೊಟ್ಟರೆ ಹಣ ಹೊಸ ಖಾತೆಗೆ ಹೋಗುತ್ತದೆ. ಮನೆಯವರು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ "ದುಡ್ಡೇ ಬಂದಿಲ್ಲ" ಅಂತ ಕೂರುತ್ತಾರೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ನೋಡಬಹುದು, ಬ್ಯಾಂಕಿನಲ್ಲೂ ಕೇಳಬಹುದು. ಮೊದಲೇ ನೋಡಿ, ಒಂದು ಚೀಟಿಯಲ್ಲಿ ಬರೆದಿಡಿ.

ಫೋನ್‌ಪೇ, ಗೂಗಲ್ ಪೇ ಮುಂತಾದವುಗಳನ್ನು ಮಗಳ ಸ್ವಂತ ಖಾತೆಗೆ ಹಾಕಿಸಿ. ಅಪ್ಪನ ಖಾತೆಯನ್ನು ಅವಳ ಫೋನಿನಲ್ಲಿ ತೆರೆಯುವುದು ಬೇಡ. ಅವಳ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ. ಮೋಸವಾದರೂ ಹೋಗುವುದು ಸ್ವಲ್ಪ. ಹೊಸದಾಗಿ ಹಾಕಿಸಿದ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಆಗುವುದಿಲ್ಲ. ಶುಲ್ಕ ಕಟ್ಟುವ ದಿನ ಬೆಳಿಗ್ಗೆ ಹಾಕಿಸಿಕೊಂಡು ಪರದಾಡಬೇಡಿ. ಒಂದು ವಾರ ಮೊದಲೇ ಮಾಡಿ.

3. ಇ-ಮೇಲ್ ಮತ್ತು ಪಾಸ್‌ವರ್ಡ್

ಪಿಯುಸಿ ಅರ್ಜಿ ಹಾಕುವಾಗ ಸೈಬರ್ ಸೆಂಟರಿನಲ್ಲಿ ಇ-ಮೇಲ್ ಮಾಡಿಸಿರುತ್ತೀರಿ. ಅದರ ಪಾಸ್‌ವರ್ಡ್ ಅವರೇ ಇಟ್ಟಿರುತ್ತಾರೆ. ಮರೆತರೆ ತೆರೆಯಲು ಕೊಟ್ಟ ನಂಬರು ಕೂಡ ಅವರದೇ ಆಗಿರಬಹುದು. ಅವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಮನೆಯ ಬೀರುವಿನ ಕೀಲಿ ಅಂಗಡಿಯಲ್ಲಿ ಇಡುತ್ತೇವೆಯೇ? ಮಗಳು ತಾನೇ ಕುಳಿತು ಪಾಸ್‌ವರ್ಡ್ ಬದಲಿಸಲಿ, ತನ್ನ ನಂಬರು ಹಾಕಲಿ. ಇ-ಮೇಲ್ ವಿಳಾಸ ತನ್ನ ಹೆಸರಿನಲ್ಲೇ ಸರಳವಾಗಿರಲಿ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅದೇ ಬೇಕಾಗುತ್ತದೆ.

ಪಾಸ್‌ವರ್ಡ್ ಎಂದರೆ ಹುಟ್ಟಿದ ದಿನ, ಫೋನ್ ನಂಬರು ಬೇಡ. ನಮ್ಮ ಮಾತಿನ ನಾಲ್ಕು ಪದ ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎರಡು ಅಂಕಿ ಸೇರಿಸಿದರೆ ನೆನಪೂ ಉಳಿಯುತ್ತದೆ, ಬೇರೆಯವರಿಗೆ ಊಹಿಸಲೂ ಕಷ್ಟ. ಇ-ಮೇಲ್, ಯುಯುಸಿಎಂಎಸ್, ಎಸ್‌ಎಸ್‌ಪಿ ಇವುಗಳ ಪಾಸ್‌ವರ್ಡ್ ಬರೆದ ಒಂದು ಹಾಳೆ ಮನೆಯ ಟ್ರಂಕಿನಲ್ಲಿರಲಿ. ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

4. ದಾಖಲೆಗಳು

ಪ್ರವೇಶದ ದಿನ ಮೂಲ ದಾಖಲೆಗಳನ್ನು ಒಯ್ಯಲೇಬೇಕು. ಅದರ ಜೊತೆಗೆ ಫೋನಿನಲ್ಲೂ ಇದ್ದರೆ ಓಡಾಟ ತಪ್ಪುತ್ತದೆ. ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಇದಕ್ಕೆ ಒಳ್ಳೆಯದು. ಆಧಾರ್, ಅಂಕಪಟ್ಟಿ ಮುಂತಾದವು ಸಂಬಂಧಪಟ್ಟ ಇಲಾಖೆಯಿಂದಲೇ ಅದರೊಳಗೆ ಬರುತ್ತವೆ. ಹಾಗೆ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ದಾಖಲೆಯಷ್ಟೇ ಬೆಲೆ ಇದೆ. ನಾವೇ ಫೋಟೊ ತೆಗೆದು ಹಾಕಿದ್ದಕ್ಕೆ ಆ ಬೆಲೆ ಇಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಬರೆದಿಡಿ, ಎಸ್‌ಎಸ್‌ಪಿ ಅರ್ಜಿಗೆ ಅದು ಬೇಕು. ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ಸಹಿಯನ್ನು ಸ್ಕ್ಯಾನ್ ಮಾಡಿಸಿ ಅವಳ ಇ-ಮೇಲ್‌ಗೆ ಕಳಿಸಿಕೊಳ್ಳಿ.

ಇನ್ನೊಂದು ಮುಖ್ಯ ಕೆಲಸ: ರ‍್ಯಾಗಿಂಗ್ ತಡೆಗೆ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಮುಚ್ಚಳಿಕೆ ಕೊಡಬೇಕು. ಇದು ಯುಜಿಸಿಯ 2009ರ ನಿಯಮ. ಈಗ ಇದನ್ನು ಆನ್‌ಲೈನ್‌ನಲ್ಲೇ ತುಂಬಿಸುತ್ತಾರೆ. ನಿಮ್ಮ ಹೆಸರಿನಲ್ಲಿ ಏನು ಬರೆದಿದೆ ಎಂದು ಮಗಳಿಂದ ಓದಿಸಿ ಕೇಳಿ. ರ‍್ಯಾಗಿಂಗ್ ಆದರೆ ಕರೆ ಮಾಡಬೇಕಾದ ಉಚಿತ ನಂಬರು 1800-180-5522. ಇದು ಮಗಳ ಫೋನಿನಲ್ಲೂ ಇರಲಿ, ನಿಮ್ಮ ಪುಸ್ತಕದಲ್ಲೂ ಇರಲಿ.

5. ಲ್ಯಾಪ್‌ಟಾಪ್ ಬೇಕೇ? ಯಾವುದು?

ಮೇಲಿನ ನಾಲ್ಕು ಕೆಲಸ ಆದ ಮೇಲೆ ಇದರ ಮಾತು. ಮೊದಲು ವಿಭಾಗದಲ್ಲಿ ಕೇಳಿ: "ಮೊದಲ ಸೆಮಿಸ್ಟರಿಗೇ ಲ್ಯಾಪ್‌ಟಾಪ್ ಬೇಕಾ? ಲ್ಯಾಬ್ ಇದೆಯಾ? ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ?" ಅದೇ ಹಾಸ್ಟೆಲ್‌ನಲ್ಲಿರುವ ಸೀನಿಯರ್ ಹುಡುಗಿಯನ್ನೂ ಕೇಳಿದರೆ ಇನ್ನೂ ಒಳ್ಳೆಯದು. ಬಿಸಿಎ, ಎಂಸಿಎ, ಎಂಜಿನಿಯರಿಂಗ್ ಓದುವವರಿಗೆ ಸ್ವಂತ ಲ್ಯಾಪ್‌ಟಾಪ್ ಬೇಕೇ ಬೇಕಾಗುತ್ತದೆ. ಬಿಎ, ಬಿಕಾಂ, ಕನ್ನಡ ಎಂಎ, ಸಮಾಜಶಾಸ್ತ್ರ ಓದುವವರು ಮೊದಲ ಕೆಲವು ತಿಂಗಳು ಒಂದು ಒಳ್ಳೆಯ ಫೋನು ಮತ್ತು ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಡೆಸಬಹುದು. ಪ್ರಾಜೆಕ್ಟ್ ವರದಿ ಬರೆಯುವ ಹೊತ್ತಿಗೆ ಕೊಂಡರಾಯಿತು.

ಕೊಳ್ಳುವುದೇ ಆದರೆ ಅಂಗಡಿಯಲ್ಲಿ ಕೇಳಬೇಕಾದ ವಿಷಯಗಳು ಕೆಲವೇ. ರ‍್ಯಾಮ್ 8 ಜಿಬಿ ಇರಲಿ. ಒಳಗಿನ ಸಂಗ್ರಹ ಎಸ್‌ಎಸ್‌ಡಿ ಆಗಿರಲಿ, 256 ಜಿಬಿಗೆ ಕಡಿಮೆ ಬೇಡ. ತೂಕ ಒಂದೂವರೆ ಕಿಲೋ ಆಸುಪಾಸು ಇದ್ದರೆ ಹೊತ್ತು ತಿರುಗಲು ಸುಲಭ. ನಮ್ಮ ಊರಿನ ಹತ್ತಿರ ರಿಪೇರಿ ಸಿಗುವ ಕಂಪನಿ ಆಗಿರಲಿ. ಆಟಕ್ಕೆಂದೇ ಮಾಡಿದ ದುಬಾರಿ ಯಂತ್ರಗಳನ್ನು ಅಂಗಡಿಯವರು ತೋರಿಸಿದರೆ ಬೇಡವೆನ್ನಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಾಗ್ರತೆ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದೇ ಎಂದು ಕೇಳಿ ತೆಗೆದುಕೊಳ್ಳಿ. "ಹದಿನೈದು ಸಾವಿರಕ್ಕೆ ಸಿಕ್ತು" ಎಂಬ ಸಂತೋಷಕ್ಕಿಂತ ಮೂರು ವರ್ಷ ನಡೆಯುತ್ತದೆಯೇ ಎಂಬುದು ಮುಖ್ಯ. ಬಿಲ್ಲು ಇಲ್ಲದ ಯಂತ್ರ ಬೇಡವೇ ಬೇಡ. ಅದು ಕದ್ದ ಮಾಲಾಗಿರಬಹುದು.

ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ಕೂಡ ಉಚಿತ. ನುಡಿಯಲ್ಲಿ ಬರೆಯುವಾಗ ಯೂನಿಕೋಡ್ ಆರಿಸಿಕೊಂಡರೆ ಅದು ಫೋನಿನಲ್ಲೂ ಸರಿಯಾಗಿ ಕಾಣುತ್ತದೆ. ಕಳ್ಳ ಪ್ರತಿಗಳನ್ನು ಹಾಕಿಸಿದರೆ ಅದರ ಜೊತೆ ವೈರಸ್ ಬರುತ್ತದೆ.

6. ಸಾಲದ ಲೆಕ್ಕ

ಲ್ಯಾಪ್‌ಟಾಪಿಗೆ 30,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಸಂಘದಿಂದ ನೂರಕ್ಕೆ 1 ರೂಪಾಯಿ ಬಡ್ಡಿಯಲ್ಲಿ, 24 ತಿಂಗಳ ಕಂತಿಗೆ ತೆಗೆದರೆ:

- ತಿಂಗಳಿಗೆ ಅಸಲು 1,250 ರೂಪಾಯಿ.
- ಮೊದಲ ತಿಂಗಳ ಬಡ್ಡಿ 300 ರೂಪಾಯಿ. ಅಸಲು ಇಳಿದಂತೆ ಬಡ್ಡಿಯೂ ಇಳಿದು, ಕೊನೆಯ ತಿಂಗಳು ಹನ್ನೆರಡೂವರೆ ರೂಪಾಯಿ.
- ಎರಡು ವರ್ಷಕ್ಕೆ ಒಟ್ಟು ಬಡ್ಡಿ 3,750 ರೂಪಾಯಿ.

ಇದೇ 30,000ವನ್ನು ಹೊರಗಡೆ ನೂರಕ್ಕೆ 3ರಂತೆ ತಂದು, ಎರಡು ವರ್ಷ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ 21,600 ರೂಪಾಯಿ ಹೋಗುತ್ತದೆ. ಅಸಲು ಹಾಗೆಯೇ ಇರುತ್ತದೆ. ಅಂಗಡಿಯಲ್ಲಿ "ಬಡ್ಡಿ ಇಲ್ಲದ ಕಂತು" ಎಂದರೆ ಎರಡು ಪ್ರಶ್ನೆ ಕೇಳಿ: ಪ್ರೊಸೆಸಿಂಗ್ ಫೀ ಎಷ್ಟು? ಪೂರ್ತಿ ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ? ಆಗ ಬಡ್ಡಿ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ.

ಮಗಳಿಗೆ ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆಯುವುದಿದ್ದರೆ, ಓದಿಗೆ ಕಂಪ್ಯೂಟರ್ ಅಗತ್ಯವಿದ್ದಲ್ಲಿ ಅದರ ಖರ್ಚನ್ನೂ ಅದೇ ಸಾಲದಲ್ಲಿ ಸೇರಿಸಬಹುದು. ಅರ್ಜಿ ಕೊಡುವಾಗಲೇ ಹೇಳಬೇಕು. ಆಗ ಸಂಘದ ಹಣ ಇನ್ನೊಬ್ಬ ಸದಸ್ಯೆಯ ಕೆಲಸಕ್ಕೆ ಉಳಿಯುತ್ತದೆ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಿಂದ ಮಕ್ಕಳು ದೂರವಿರಲಿ. ನಕಲಿ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳನ್ನೂ ಫೋಟೊಗಳನ್ನೂ ಎಳೆದುಕೊಂಡು, ಆಮೇಲೆ ಬಂಧುಗಳಿಗೆಲ್ಲ ಕರೆಮಾಡಿ ಮಾನ ಕಳೆಯುತ್ತವೆ. "ದುಡ್ಡು ಬೇಕಾದ್ರೆ ಮೊದಲು ನನಗೆ ಹೇಳು, ಬೈಯಲ್ಲ" ಎಂದು ಹೊರಡುವ ಮೊದಲೇ ಮಗಳಿಗೆ ಹೇಳಿಬಿಡಿ.

7. ಹಾಸ್ಟೆಲ್‌ನಲ್ಲಿ ಮೊದಲ ವಾರ

ವೈಫೈ: ಹಾಸ್ಟೆಲ್ ವೈಫೈಗೆ ಸಾಮಾನ್ಯವಾಗಿ ನೋಂದಣಿ ಸಂಖ್ಯೆ, ಪಾಸ್‌ವರ್ಡ್ ಕೊಡುತ್ತಾರೆ. ಕೆಲವು ಕಡೆ ಫೋನು, ಲ್ಯಾಪ್‌ಟಾಪ್‌ಗಳ ಮ್ಯಾಕ್ ವಿಳಾಸವನ್ನು ಬರೆಸಿಕೊಳ್ಳುತ್ತಾರೆ. ಹೊಸ ಫೋನುಗಳು ಸುರಕ್ಷತೆಗಾಗಿ ಪ್ರತಿ ವೈಫೈಗೂ ಬೇರೆ ಬೇರೆ ವಿಳಾಸ ತೋರಿಸುತ್ತವೆ. ಆದ್ದರಿಂದ ನೋಂದಾಯಿಸಿದರೂ ಸಂಪರ್ಕ ಸಿಗದೇ ಇರಬಹುದು. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಫೋನಿನ ಸ್ವಂತ ವಿಳಾಸ ಬಳಸುವಂತೆ ಬದಲಿಸಿದರೆ ಸರಿಹೋಗುತ್ತದೆ. ತನ್ನ ವೈಫೈ ಪಾಸ್‌ವರ್ಡನ್ನು ಗೆಳತಿಯರಿಗೂ ಕೊಡಬಾರದು. ಅವರು ಏನೇ ಮಾಡಿದರೂ ಲೆಕ್ಕ ಇವಳ ಹೆಸರಿಗೆ ಬರುತ್ತದೆ. ಗ್ರಂಥಾಲಯದ ಕಂಪ್ಯೂಟರಿನಿಂದ ಏಳುವಾಗ ಲಾಗ್ ಔಟ್ ಮಾಡಿಯೇ ಏಳಬೇಕು.

ಕರೆಂಟು: ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ, ಪ್ಲಗ್ ಒಂದೋ ಎರಡೋ. ಐಎಸ್‌ಐ ಗುರುತಿನ ಎಕ್ಸ್‌ಟೆನ್ಷನ್ ಬಾಕ್ಸ್ ಒಂದನ್ನು ಮನೆಯಿಂದಲೇ ಕಳಿಸಿ. ಸಣ್ಣ ಪ್ಲಗ್ 6 ಆಂಪಿಯರಿನದು, ತಡೆಯುವುದು ಹೆಚ್ಚೆಂದರೆ 1,380 ವ್ಯಾಟ್. ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಆಸುಪಾಸು, ಫೋನಿನದು ಅದಕ್ಕೂ ಕಡಿಮೆ. ನಾಲ್ವರೂ ಒಟ್ಟಿಗೆ ಹಾಕಿದರೂ ತೊಂದರೆ ಇಲ್ಲ. ಆದರೆ ನೀರು ಕಾಯಿಸುವ ಕಾಯಿಲ್, ಕೆಟಲ್ 1,000ದಿಂದ 1,500 ವ್ಯಾಟ್ ಎಳೆಯುತ್ತವೆ. ಅದೇ ಬಾಕ್ಸಿಗೆ ಸಿಕ್ಕಿಸಿದರೆ ವೈರು ಕರಗಿ ಬೆಂಕಿ ಹತ್ತಬಹುದು. ವಾರ್ಡನ್ ಇವನ್ನು ಬೇಡವೆನ್ನುವುದು ಸುಮ್ಮನೆ ಅಲ್ಲ. ದಿಂಬಿನ ಕೆಳಗೆ ಫೋನ್ ಇಟ್ಟು ಚಾರ್ಜ್ ಮಾಡುವುದೂ ಬೇಡ.

ಕಳವು: ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನೂ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನೂ ಬಿಲ್ಲಿನ ಜೊತೆ ಮನೆಯಲ್ಲಿ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನು ಯಾರೂ ಬಳಸದಂತೆ ತಡೆ ಹಾಕಿಸಬಹುದು. ಬರೆದ ವರದಿ, ನೋಟ್ಸ್ ಒಂದೇ ಕಡೆ ಇರಬಾರದು. ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತವಾಗಿದೆ. ಒಂದು ಪ್ರತಿ ಅಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಇರಲಿ.

8. ಮೋಸಕ್ಕೆ ಸಿಕ್ಕದಿರಲು

- "ಹಾಸ್ಟೆಲ್ ಸೀಟು ಕೊಡಿಸ್ತೇವೆ, ಈ ನಂಬರಿಗೆ ಹಣ ಹಾಕಿ" ಎಂದರೆ ಹಾಕಬೇಡಿ. ಶುಲ್ಕವನ್ನು ವಿಶ್ವವಿದ್ಯಾಲಯದ ಜಾಲತಾಣ ಅಥವಾ ಬ್ಯಾಂಕ್ ಚಲನ್ ಮೂಲಕ ಮಾತ್ರ ಕಟ್ಟಿ, ರಸೀದಿ ಪಡೆಯಿರಿ.
- "ಸ್ಕಾಲರ್‌ಶಿಪ್ ಬಂದಿದೆ, ಪಿನ್ ಒತ್ತಿ" ಎಂದರೆ ಅದು ಸುಳ್ಳು. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು.
- ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಕಡತವನ್ನು ಒತ್ತಬಾರದು.
- "ಪೊಲೀಸರು ಮಾತಾಡ್ತಿದ್ದೇವೆ, ನಿಮ್ಮ ಮಗಳನ್ನು ಹಿಡಿದಿದ್ದೇವೆ" ಎಂದು ಹಣ ಕೇಳಿದರೆ ಫೋನ್ ಇಟ್ಟು ಮಗಳಿಗೇ ಕರೆ ಮಾಡಿ. ಅದಕ್ಕೇ ವಾರ್ಡನ್ ಮತ್ತು ಒಬ್ಬ ರೂಮ್‌ಮೇಟ್ ನಂಬರು ನಿಮ್ಮ ಬಳಿ ಇರಬೇಕು.
- ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಹಣ ತಡೆಯುವ ಸಾಧ್ಯತೆ ಇದೆ. ಬೇರೆ ಯಾವುದೇ ಅಪಾಯಕ್ಕೆ 112.
- ಯಾರಾದರೂ ಮಗಳ ಫೋಟೊ ಹಿಡಿದು ಹೆದರಿಸಿದರೆ ತಪ್ಪು ಹೆದರಿಸಿದವನದು. ಅವಳಿಗೆ ಬೈಯುವುದಾಗಲಿ, ಓದು ಬಿಡಿಸಿ ಕರೆತರುವುದಾಗಲಿ ಮಾಡಬೇಡಿ. ಇದನ್ನೂ 1930ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸಬಹುದು.

ಸಹೋದರಿಯರೇ, ಇಷ್ಟೆಲ್ಲ ಓದಿ "ನಮಗೆ ಇದೆಲ್ಲ ಅರ್ಥ ಆಗಲ್ಲ ಸಿಸ್ಟರ್" ಎನ್ನಬೇಡಿ. ಸಂಘದ ಜಮಾ-ಖರ್ಚು ಪುಸ್ತಕ ಬರೆಯುವುದನ್ನು ನೀವೇ ಕಲಿತಿರಿ, ಬ್ಯಾಂಕ್ ಮ್ಯಾನೇಜರರ ಮುಂದೆ ಕುಳಿತು ಮಾತಾಡಲು ಕಲಿತಿರಿ. ಇದನ್ನು ಮಗಳ ಜೊತೆ ಕುಳಿತು ಕಲಿಯಬಹುದು. ಅವಳಿಗೆ ಫೋನು ಗೊತ್ತು, ನಿಮಗೆ ಲೋಕ ಗೊತ್ತು.

ಸಂಘದ ಸಭೆಯಲ್ಲಿ ಚರ್ಚಿಸಿ

1. ಈ ವರ್ಷ ನಮ್ಮ ಸಂಘದ ಯಾರ ಮನೆಯ ಮಕ್ಕಳು ಹಾಸ್ಟೆಲ್‌ಗೆ ಹೋಗುತ್ತಿದ್ದಾರೆ? ಅವರಿಗೆ ಸ್ವಂತ ನಂಬರು ಇದೆಯೇ? ಅದು ಆಧಾರ್‌ಗೆ ಸೇರಿದೆಯೇ?
2. ಈಗಾಗಲೇ ಹಾಸ್ಟೆಲ್‌ನಲ್ಲಿ ಓದುತ್ತಿರುವ ಹುಡುಗಿ ಯಾರಿದ್ದಾರೆ? ರಜೆಗೆ ಬಂದಾಗ ಒಂದು ಸಭೆಗೆ ಕರೆದು ಹೇಳಿಸಬಹುದೇ?
3. ಲ್ಯಾಪ್‌ಟಾಪ್ ಸಾಲ ಕೊಡುವ ಮೊದಲು, ವಿಭಾಗದಲ್ಲಿ ಕೇಳಿದ್ದೀರಾ, ಬಿಲ್ಲು ತೋರಿಸುತ್ತೀರಾ ಎಂದು ಕೇಳುವ ಕ್ರಮವನ್ನು ನಮ್ಮ ಸಂಘ ಇಟ್ಟುಕೊಳ್ಳಬಹುದೇ? ಓದು ಮುಗಿದ ಮೇಲೆ ಆ ಲ್ಯಾಪ್‌ಟಾಪ್ ಸಂಘದ ಇನ್ನೊಂದು ಮನೆಯ ಮಗಳಿಗೆ ಕಡಿಮೆ ಬೆಲೆಗೆ ಸಿಗುವಂತೆ ಮಾಡಬಹುದೇ?